ಸಮರ ಮಂತ್ರಿಮಂಡಲದ ಬಲವೂ ಮಿತಿಯೂ

ಯುದ್ಧಕಾಲದಲ್ಲಿ ರಾಜ್ಯಸೂತ್ರಗಳೆಲ್ಲವೂ ಒಬ್ಬನ ಕೈಯಲ್ಲಿರಬೇಕೆಂಬುದು ಬಹುಜನರ ಭಾವನೆ. ಹಲವು ಪಕ್ಷಗಳು ಕೂಡಿದ ಮಂತ್ರಿಮಂಡಲವು ವಾದವಿವಾದಗಳಲ್ಲಿಯೇ ಕಾಲಹರಣ ಮಾಡುವುದೆಂದೂ, ಶತ್ರುವು ಬಾಗಿಲಲ್ಲಿ ನಿಂತಿರುವಾಗ ಸಮಾಲೋಚನೆಗೆ ಎಡೆಯಿಲ್ಲವೆಂದೂ ಅವರು ಹೇಳುವರು. 1940 ರಿಂದ 1945 ರ ವರೆಗೆ ಬ್ರಿಟನ್ನನ್ನು ಆಳಿದ ಸಂಯುಕ್ತ ಮಂತ್ರಿಮಂಡಲದ ಕಾರ್ಯಕ್ರಮವನ್ನು ಪರಿಶೀಲಿಸಿದವರಿಗೆ ಈ ಮಾತು ಪೂರ್ಣಸತ್ಯವಲ್ಲವೆಂದು ಕಂಡುಬರದಿರದು. ಆ ಮಂಡಲದ ನಿರ್ಣಯಗಳ ಫಲವನ್ನು ಉಂಡ ಭಾರತೀಯರಾದ ನಾವು ಅದರ ಗುಣವನ್ನೂ ದೋಷವನ್ನೂ ಒಟ್ಟಿಗೆ ತೂಗಿ ನೋಡುವುದು ಉಚಿತವಾಗಿದೆ.

ನಾರ್ವೆಯಲ್ಲಾದ ಅಪಜಯದ ಮೇಲೆ ನಡೆದ ಚರ್ಚೆಯ ಕೊನೆಯಲ್ಲಿ, 1940 ರ ಮೇ 8 ರಂದು, ಚೇಂಬರ್ಲೇನರ ಬಹುಮತವು ಕಾಮನ್ಸ್ ಸಭೆಯಲ್ಲಿ 81 ಕ್ಕೆ ಇಳಿಯಿತು. ಅವರ ಕೈಕೆಳಗೆ ಅಧಿಕಾರ ವಹಿಸಲು ಮಜೂರ ಪಕ್ಷವು ಒಪ್ಪಲಿಲ್ಲ. ಮೇ 10 ರಂದು ಚರ್ಚಿಲರು ಪ್ರಧಾನಿಗಳಾದರು. ಅವರು ರಚಿಸಿದ ಸಮರ ಮಂತ್ರಿಮಂಡಲದಲ್ಲಿ ಮೊದಲು ಇದ್ದವರು ಐವರೇ: ಚರ್ಚಿಲ್, ಚೇಂಬರ್ಲೇನ್, ಹ್ಯಾಲಿಫ್ಯಾಕ್ಸ್, ಮತ್ತು ಮಜೂರ ಪಕ್ಷದ ಆಟ್ಲಿ, ಗ್ರೀನ್‌ವುಡ್. ಪದಚ್ಯುತರಾದ ಪ್ರಧಾನಿಯನ್ನೇ ಜೊತೆಯಲ್ಲಿ ಕೂರಿಸಿಕೊಂಡದ್ದು ಗಮನಾರ್ಹವಾದ ಸಂಗತಿ. ಚರ್ಚಿಲರು ರಕ್ಷಣಾ ಸಚಿವ ಪದವಿಯನ್ನೂ ತಾವೇ ವಹಿಸಿಕೊಂಡು, ಭೂ, ನೌಕಾ, ವಾಯು ಸೇನೆಗಳ ಮುಖ್ಯಾಧಿಕಾರಿಗಳೊಡನೆ ನೇರವಾಗಿ ವ್ಯವಹರಿಸಿದರು. ಕಾರ್ಮಿಕ ಬಲದ ವಿನಿಯೋಗವು ಬೆವಿನರ ಪಾಲಿಗೆ ಬಂದಿತು. ಒಳನಾಡಿನ ಇತರ ಅನೇಕ ವ್ಯವಹಾರಗಳನ್ನು ಆಂಡರ್ಸನರಂಥವರು ಸಮಿತಿಗಳ ಮೂಲಕ ನಿರ್ವಹಿಸಿದರು. ಪ್ರಧಾನಿಯು ಪ್ರವಾಸದಲ್ಲಿದ್ದಾಗ ಆಟ್ಲಿಯವರು ಅಧ್ಯಕ್ಷತೆ ವಹಿಸುತ್ತಿದ್ದರು. 1942 ರಲ್ಲಿ ಅವರಿಗೆ ಉಪಪ್ರಧಾನಿ ಎಂಬ ಹೆಸರೂ ದೊರೆಯಿತು.

ಈ ವ್ಯವಸ್ಥೆಯ ಅಗ್ನಿಪರೀಕ್ಷೆಯಾದದ್ದು 1940 ರ ಮೇ 26 ರಿಂದ 28 ರ ವರೆಗಿನ ಮೂರು ದಿನಗಳಲ್ಲಿ. ಬ್ರಿಟಿಷ್ ಸೇನೆಯು ಡಂಕರ್ಕಿನ ಕಡಲತಡಿಯಲ್ಲಿ ಸಿಕ್ಕಿಬಿದ್ದಿತ್ತು. ಇಟಲಿಯ ಮಧ್ಯಸ್ಥಿಕೆಯಿಂದ ಸಂಧಿಯ ಷರತ್ತುಗಳನ್ನು ವಿಚಾರಿಸಿ ನೋಡಬಾರದೇಕೆ ಎಂದು ವಿದೇಶಾಂಗ ಸಚಿವ ಹ್ಯಾಲಿಫ್ಯಾಕ್ಸರು ವಾದಿಸಿದರು. ಚರ್ಚಿಲರು ಆಜ್ಞೆ ಮಾಡಿ ಅವರ ಬಾಯಿ ಮುಚ್ಚಿಸುವ ಸ್ಥಿತಿಯಲ್ಲಿರಲಿಲ್ಲ. ಅವರು ಪ್ರಧಾನಿಗಳಾಗಿ ಮೂರು ವಾರಗಳೂ ತುಂಬಿರಲಿಲ್ಲ, ಸ್ವಪಕ್ಷದಲ್ಲಿ ಅವರಿಗೆ ಸಂಪೂರ್ಣ ವಿಶ್ವಾಸವೂ ಇರಲಿಲ್ಲ. ಮಂಡಲವು ಮೇಲಿಂದ ಮೇಲೆ ಸೇರಿತು. ಮಜೂರ ಪಕ್ಷದ ಇಬ್ಬರೂ ಚರ್ಚಿಲರ ಪಕ್ಕಕ್ಕೆ ನಿಂತರು. 28 ರ ಸಂಜೆ ಹೊರಮಂಡಲದ ಮಂತ್ರಿಗಳನ್ನು ಕರೆದು ಅವರ ಬೆಂಬಲವನ್ನೂ ಪಡೆದ ಮೇಲೆ ಯುದ್ಧವನ್ನು ಮುಂದುವರಿಸುವ ನಿರ್ಣಯವು ಸ್ಥಿರವಾಯಿತು. ಭಿನ್ನಾಭಿಪ್ರಾಯವು ಒಳಗೆ ಪೂರ್ತಿಯಾಗಿ ಹೊರಬಿದ್ದುದರಿಂದಲೇ ಹೊರಗೆ ಒಂದೇ ಧ್ವನಿಯು ಕೇಳಿಸಿತೆಂಬುದನ್ನು ಮರೆಯಲಾಗದು. ಶಾಸನಸಭೆಗೂ ಬೀಗ ಬೀಳಲಿಲ್ಲ. ಟೋಬ್ರುಕ್ ಪತನವಾದ ಬಳಿಕ, 1942 ರ ಜುಲೈಯಲ್ಲಿ, ಅವಿಶ್ವಾಸದ ಗೊತ್ತುವಳಿಯು ಬಹಿರಂಗವಾಗಿ ಚರ್ಚಿತವಾಗಿ 475 ಕ್ಕೆ 25 ಮತಗಳಿಂದ ಬಿದ್ದುಹೋಯಿತು.

ಇಷ್ಟು ಗುಣವನ್ನು ಒಪ್ಪಿಕೊಂಡ ಮೇಲೆ ಇನ್ನೊಂದು ಪಾರ್ಶ್ವವನ್ನೂ ನೋಡಬೇಕು. 1939 ರ ಸೆಪ್ಟೆಂಬರ್ 3 ರಂದು ವೈಸರಾಯರು ಈ ದೇಶದ ಪ್ರತಿನಿಧಿಗಳನ್ನು ಒಂದು ಮಾತೂ ಕೇಳದೆ ಭಾರತವು ಯುದ್ಧದಲ್ಲಿದೆಯೆಂದು ಸಾರಿದ್ದರು. ಸಂಯುಕ್ತ ಮಂತ್ರಿಮಂಡಲವು ಬಂದಾಗ, ನಮ್ಮ ಹಿತೈಷಿಗಳೆನಿಸಿದ್ದ ಮಜೂರ ಮುಂದಾಳುಗಳಿಂದ ಹಲವರು ನ್ಯಾಯವನ್ನು ನಿರೀಕ್ಷಿಸಿದರು. 1942 ರ ಮಾರ್ಚಿಯಲ್ಲಿ ಕ್ರಿಪ್ಸರು ತಂದ ಸಲಹೆಯು ಯುದ್ಧಾನಂತರದ ಭರವಸೆಯಾಗಿತ್ತು. ದೇಶರಕ್ಷಣೆಯ ಹೊಣೆಯು ಬ್ರಿಟಿಷರಲ್ಲಿಯೇ ಉಳಿಯುವುದಿತ್ತು. ಅದು ವಿಫಲವಾಯಿತು. ಅದೇ ಆಗಸ್ಟಿನಲ್ಲಿ ಚರ್ಚಿಲರು ವಿದೇಶದಲ್ಲಿದ್ದಾಗ, ಆಟ್ಲಿಯವರ ಅಧ್ಯಕ್ಷತೆಯಲ್ಲಿಯೇ ಸಮರ ಮಂತ್ರಿಮಂಡಲವು ಗಾಂಧೀಜಿಯವರ ಮತ್ತು ಕಾಂಗ್ರೆಸ್ ನಾಯಕರ ಬಂಧನಕ್ಕೆ ಸಮ್ಮತಿಯಿತ್ತಿತು. ಪಕ್ಷಗಳ ಒಗ್ಗಟ್ಟು ಉಳಿಯಿತು; ಅದರ ಬೆಲೆಯನ್ನು ತೆತ್ತವರು ಬೇರೆಯವರು.

ಭಾರತದ ಹೆಸರಿನಲ್ಲಿ ಯಾರೂ ಅಲ್ಲಿ ಕೂತಿರಲಿಲ್ಲವೆಂದಲ್ಲ. ಮುಂದೆ ಮೈಸೂರಿನ ದಿವಾನರಾದ ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರೂ ನವಾನಗರದ ಜಾಮ್ ಸಾಹೇಬರೂ 1942 ರಲ್ಲಿ ಆ ಮಂಡಲಕ್ಕೆ ನೇಮಕವಾದರು. ವ್ಯಕ್ತಿಗಳ ಯೋಗ್ಯತೆ ಇಲ್ಲಿ ಪ್ರಶ್ನೆಯಲ್ಲ. ಆಟ್ಲಿಯವರ ಹಿಂದೆ ಒಂದು ಪಕ್ಷವಿತ್ತು. ಅದು ಬೆಂಬಲವನ್ನು ಹಿಂತೆಗೆದರೆ ಸರಕಾರವೇ ಅಲುಗುತ್ತಿತ್ತು. ಇವರಾದರೋ ಸರಕಾರದಿಂದ ನಿಯಮಿತರಾದವರು. ಇವರು ಎದ್ದು ಹೋದರೆ ಯಾವ ಕಂಬವೂ ಕದಲುತ್ತಿರಲಿಲ್ಲ. 1943 ರಲ್ಲಿ ಬಂಗಾಳವು ಕ್ಷಾಮದಿಂದ ಬೆಂದಾಗ ಧಾನ್ಯಕ್ಕೂ ಹಡಗುಗಳಿಗೂ ದಿಲ್ಲಿಯಿಂದ ಹೋದ ಬೇಡಿಕೆಗಳಲ್ಲಿ ಅಲ್ಪಾಂಶ ಮಾತ್ರ ಈಡೇರಿತು. ಆ ಕ್ಷಾಮದಲ್ಲಿ ಸತ್ತವರ ಸಂಖ್ಯೆಯು 15 ಲಕ್ಷದಿಂದ 30 ಲಕ್ಷದವರೆಗೆ ಎಂದು ಅಂದಾಜುಗಳಿವೆ. ಬ್ರಿಟನ್ನಿನ ಪಡಿತರದಲ್ಲಿ ಕೊರತೆಯಾದರೆ ಕಾಮನ್ಸ್ ಸಭೆಯಲ್ಲಿ ಉತ್ತರ ಹೇಳಬೇಕಾದ ಮಂತ್ರಿಯಿದ್ದನು. ಬಂಗಾಳದ ಮತದಾರನಿಗೆ ಉತ್ತರ ಹೇಳಬೇಕಾದವನು ಆ ಮೇಜಿನ ಸುತ್ತ ಒಬ್ಬನೂ ಇರಲಿಲ್ಲ.

ಸಂಯುಕ್ತ ಸರಕಾರದ ನ್ಯಾಯದೃಷ್ಟಿಯು ಅದರಲ್ಲಿ ಭಾಗಿಗಳಾದವರ ಮಟ್ಟಿಗೆ ಮಾತ್ರ ಹರಡುವುದೆಂಬುದೇ ಇದರಿಂದ ಸಿದ್ಧವಾಗುವ ತತ್ತ್ವ. 1945 ರ ಜುಲೈಯಲ್ಲಿ ಬ್ರಿಟಿಷ್ ಪ್ರಜೆಗಳು ಗೆಲುವು ತಂದ ಪ್ರಧಾನಿಯನ್ನೇ ಮತದಿಂದ ಇಳಿಸಿದರು. ಆ ಅಧಿಕಾರವು ಅವರ ಕೈಯಲ್ಲಿತ್ತು, ನಮ್ಮ ಕೈಯಲ್ಲಿರಲಿಲ್ಲ. ಆಪತ್ಕಾಲದಲ್ಲಿ ಎಲ್ಲರೂ ಒಂದಾಗಬೇಕೆಂಬ ಕರೆಯನ್ನು ಯಾವ ಸರಕಾರವು ಕೊಟ್ಟರೂ, ಆ ಒಂದಾಗುವಿಕೆಯಲ್ಲಿ ಬೇಡವೆನ್ನುವ ಹಕ್ಕು ಯಾರಿಗಿದೆಯೆಂದು ಪ್ರಜೆಗಳು ಮೊದಲು ಕೇಳಬೇಕು. ಪಂಕ್ತಿಯಲ್ಲಿ ಎಲೆ ಹಾಕದವನಿಗೆ ಬಡಿಸುವವರಾರು?