ಸುಮ್ನಿದ್ರೆ ನೀವೇ ಹೇಳ್ತೀರಲ್ಲ ಮಿಸ್

ಬೋಧನಾಭ್ಯಾಸದ ಎರಡನೇ ವಾರ. ಒಂಬತ್ತನೇ ತರಗತಿ ‘ಎ’ ವಿಭಾಗ, ತೇಲುವಿಕೆಯ ಪಾಠ. ‘ಕಬ್ಬಿಣದ ಮೊಳೆ ಮುಳುಗುತ್ತದೆ, ಕಬ್ಬಿಣದ ಹಡಗು ತೇಲುತ್ತದೆ. ಏಕೆ?’ ಎಂದು ಕೇಳಿದೆ. 42 ಮಕ್ಕಳಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಕೆಲವರು ಪುಸ್ತಕದ ಹಾಳೆ ತಿರುವಿದರು. ಒಬ್ಬ ಪೆನ್ನಿನ ಮುಚ್ಚಳ ಹುಡುಕುವ ನೆಪದಲ್ಲಿ ಬೆಂಚಿನ ಕೆಳಗೇ ಹೋದ. ಹಿಂದೆ ಕುಳಿತಿದ್ದ ಮಾರ್ಗದರ್ಶಕರು ಏನೋ ಬರೆದುಕೊಳ್ಳುವುದು ಕಂಡು ಗಾಬರಿಯಾಗಿ ಉತ್ತರವನ್ನು ನಾನೇ ಹೇಳಿಬಿಟ್ಟೆ. ಸಂಜೆ ದಿನಚರಿಯಲ್ಲಿ ‘ಮಕ್ಕಳ ಸಹಕಾರ ಇರಲಿಲ್ಲ’ ಎಂದು ಬರೆದೆ.

ಮರುದಿನ ಬಿಸಿಯೂಟದ ಹೊತ್ತಿನಲ್ಲಿ ಆ ತರಗತಿಯ ಹುಡುಗಿಯೊಬ್ಬಳನ್ನು ಕೇಳಿದರೆ ನಕ್ಕುಬಿಟ್ಟಳು. ‘ಸುಮ್ನಿದ್ರೆ ನೀವೇ ಹೇಳ್ತೀರಲ್ಲ ಮಿಸ್. ತಪ್ಪು ಹೇಳಿದ್ರೆ ಎಲ್ರೂ ನಗ್ತಾರೆ.’

ಇದು ದಡ್ಡತನವಲ್ಲ, ಲೆಕ್ಕಾಚಾರ. ಬೆಲ್ ಹೊಡೆಯುವವರೆಗೆ ಹೊತ್ತು ತಳ್ಳಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಆದರೆ ಅದನ್ನು ಕಲಿಸಿದವರು ನಾವೇ ಎಂಬುದು ನನ್ನ ವಾದ. ಅಮೆರಿಕದ ಮೇರಿ ಬಡ್ ರೋ ವಿಜ್ಞಾನ ತರಗತಿಗಳನ್ನು ಗಮನಿಸಿ 1970ರ ದಶಕದಲ್ಲೇ ತೋರಿಸಿದ್ದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಕಾಯುವುದು ಸುಮಾರು ಒಂದು ಸೆಕೆಂಡ್. ಮೂರು ಸೆಕೆಂಡಿಗಿಂತ ಹೆಚ್ಚು ಕಾದರೆ ಉತ್ತರಗಳು ಉದ್ದವಾಗುತ್ತವೆ, ಮೌನ ಕಡಿಮೆಯಾಗುತ್ತದೆ. ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನಿಸುವ ಕೌಶಲವನ್ನು ನಾವೂ ಅಭ್ಯಾಸ ಮಾಡಿದೆವು. ಅಲ್ಲಿ ವಿದ್ಯಾರ್ಥಿಗಳಾಗಿ ಕೂತವರು ನಮ್ಮ ಸಹಪಾಠಿಗಳೇ, ಕೇಳುವ ಮೊದಲೇ ಕೈ ಎತ್ತುತ್ತಿದ್ದರು! ಪಾಠ ಯೋಜನೆಯಲ್ಲೂ ‘ವಿದ್ಯಾರ್ಥಿಗಳು ಉತ್ತರಿಸುತ್ತಾರೆ’ ಎಂದು ಮೊದಲೇ ಬರೆದಿಟ್ಟಿರುತ್ತೇವೆ. ಉತ್ತರಿಸದಿದ್ದರೆ ಏನು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ.

ಮುಂದಿನ ವಾರ ‘ಬಿ’ ವಿಭಾಗದಲ್ಲಿ ಅದೇ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿದೆ. ಎಂಟು, ಒಂಬತ್ತು ಬರುವಷ್ಟರಲ್ಲಿ ಅಂಗೈ ಬೆವರಿತ್ತು. ಆಮೇಲೆ, ಪಕ್ಕದವರ ಜೊತೆ ಮಾತಾಡಿ ಒಂದೊಂದು ಸಾಲು ಬರೆಯಿರಿ, ಹೆಸರು ಬೇಡ ಎಂದೆ. ‘ಸಮುದ್ರದ ನೀರು ಉಪ್ಪು’, ‘ಹಡಗಿನೊಳಗೆ ಗಾಳಿ ಇದೆ’ ಎಂಬ ಚೀಟಿಗಳು ಬಂದವು. ಆ ಗಾಳಿಯನ್ನೇ ಹಿಡಿದು ಸರಾಸರಿ ಸಾಂದ್ರತೆಗೆ ಹೋದೆವು. ಇದಕ್ಕೇ ಹನ್ನೊಂದು ನಿಮಿಷ ಹಿಡಿಯಿತು, ಮೌಲ್ಯಮಾಪನದ ಹಂತ ಉಳಿದುಹೋಯಿತು. ವೀಕ್ಷಣಾ ನಮೂನೆಯಲ್ಲಿ ಸಮಯಪಾಲನೆಗೆ ಅಂಕ ಕಡಿತವಾಯಿತು. ಪಾಠ ಮುಗಿಸದ್ದು ನನ್ನ ತಪ್ಪೇ. ಆದರೆ ಕಾಯುವುದಕ್ಕೂ ಆ ನಮೂನೆಯಲ್ಲಿ ಒಂದು ಅಂಕ ಇರಬೇಕು.

ಇದನ್ನು ಹಿಮ್ಮಾಹಿತಿ ಸಭೆಯಲ್ಲೇ ಹೇಳಬಹುದಿತ್ತು. ‘ಯಾಕಮ್ಮ ಇಷ್ಟು ಹೊತ್ತು ಒಂದೇ ಪ್ರಶ್ನೆಗೆ?’ ಎಂದು ಮೇಡಂ ಕೇಳಿದರು. ಕಾರಣ ನನಗೆ ಚೆನ್ನಾಗಿಯೇ ಗೊತ್ತಿತ್ತು. ತಲೆ ತಗ್ಗಿಸಿ ನಿಂತೆ. ಸ್ವಲ್ಪ ಹೊತ್ತು ನೋಡಿ ಅವರು, ‘ಸರಿ, ಮುಂದಿನವರು ಬನ್ನಿ’ ಎಂದರು.