ತನ್ನ ಹೊಗೆಯಲ್ಲೇ ತಿದಿ ಒತ್ತುವ ಕಾರು

ಹಾಸನ ಜಿಲ್ಲೆಯಲ್ಲಿ ಸಲೂನ್ ಎಂದರೆ ಕ್ಷೌರದಂಗಡಿ. ಹಾಗಾಗಿ 2025ರ ಅಕ್ಟೋಬರಿನಲ್ಲಿ ‘ಹೊಸ ಸ್ಪೋರ್ಟ್ಸ್ ಸಲೂನ್ ಬಂದಿದೆಯಂತೆ’ ಎಂದು ಹುಡುಗರು ಮಾತಾಡಿಕೊಂಡಾಗ ಅರಕಲಗೂಡಿನ ಅಜ್ಜನೊಬ್ಬ ‘ಎಲ್ಲಪ್ಪಾ, ಬಸ್ ಸ್ಟ್ಯಾಂಡ್ ಹತ್ತಿರವೋ?’ ಎಂದು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಂದದ್ದು ಕಾರು. ಸ್ಕೋಡಾ ಕಂಪನಿಯ ಆಕ್ಟೇವಿಯಾ ಆರ್‌ಎಸ್. ಸಂಸಾರ ಸಮೇತ ಕೂತು ಹೋಗುವಂಥ, ಹಿಂದೆ ದೊಡ್ಡ ಡಿಕ್ಕಿ ಇರುವ ಸಾಧಾರಣ ರೂಪದ ಕಾರಿಗೆ ಓಟದ ಕುದುರೆಯ ಎಂಜಿನ್ ಇಟ್ಟರೆ ಅದಕ್ಕೆ ಸ್ಪೋರ್ಟ್ಸ್ ಸಲೂನ್ ಎಂದು ಹೆಸರು. ಇಡೀ ಭಾರತಕ್ಕೆ ಬಂದದ್ದು ನೂರೇ ನೂರು. ಬೆಲೆ 49.99 ಲಕ್ಷ ರೂಪಾಯಿ ಎಂದು ಕಂಪನಿ ಬಾಯಿಬಿಡುವ ಮೊದಲೇ ನೂರೂ ಮುಂಗಡ ಕಾಯ್ದಿರಿಸಲ್ಪಟ್ಟಿದ್ದವು. ರಸ್ತೆ ತೆರಿಗೆ, ವಿಮೆ ಎಲ್ಲ ಸೇರಿದರೆ ಅರವತ್ತು ಲಕ್ಷದ ಆಸುಪಾಸು.

ಕೊಳ್ಳುವವರಿಗಿಂತ ಅಭಿಪ್ರಾಯ ಹೇಳುವವರ ಸಂಖ್ಯೆ ಯಾವಾಗಲೂ ದೊಡ್ಡದು. ಹಾಸನದ ಬಿ.ಎಂ. ರಸ್ತೆಯ ಚಹಾದಂಗಡಿಗಳಲ್ಲಿ, ಚನ್ನರಾಯಪಟ್ಟಣದ ಗ್ಯಾರೇಜುಗಳಲ್ಲಿ, ಹೊಳೆನರಸೀಪುರದ ಬಸ್ಸಿಗೆ ಕಾಯುವ ಕಾಲೇಜು ಹುಡುಗರ ನಡುವೆ ಈ ಕಾರಿನ ಬಗ್ಗೆ ನಡೆದಷ್ಟು ಚರ್ಚೆ ಅದರ ಒಡೆಯರ ಮನೆಗಳಲ್ಲಿ ನಡೆದಿರಲಾರದು. 2004ರಲ್ಲಿ ಇದೇ ಹೆಸರಿನ ಮೊದಲ ಕಾರು ಭಾರತಕ್ಕೆ ಬಂದಿತ್ತು, 1.8 ಲೀಟರಿನ ಟರ್ಬೊ ಎಂಜಿನ್, 150 ಅಶ್ವಶಕ್ತಿ. ಅದನ್ನು ಕಂಡ ಹಳಬರು ‘ಅದರ ಗೇರು ಕೈಯಲ್ಲಿತ್ತು, ಕಾರು ನಮ್ಮ ಮಾತು ಕೇಳುತ್ತಿತ್ತು’ ಎನ್ನುತ್ತಾರೆ. ಹೊಸದರಲ್ಲಿ ಕ್ಲಚ್ ಪೆಡಲೇ ಇಲ್ಲ. ಏಳು ಗೇರುಗಳನ್ನು ಯಂತ್ರವೇ ಬದಲಿಸುತ್ತದೆ. ಮನುಷ್ಯನ ಕೈಗಿಂತ ಅದು ಬೇಗ ಎಂದು ಕಿರಿಯರ ವಾದ. ಬೇಗ ನಿಜ, ಆದರೆ ಮಜಾ ಎಲ್ಲಿ ಎಂದು ಹಿರಿಯರ ಮರುವಾದ. 265 ಅಶ್ವಶಕ್ತಿಯನ್ನೆಲ್ಲ ಮುಂದಿನ ಎರಡೇ ಚಕ್ರಗಳಿಗೆ ಕೊಟ್ಟಿದ್ದಾರಲ್ಲ ಎಂಬುದು ಮೂರನೆಯ ಗುಂಪಿನ ಆಕ್ಷೇಪಣೆ. ಇದರಲ್ಲಿ ತೂಕವಿದೆ, ಆಮೇಲೆ ನೋಡೋಣ.

ಎಲ್ಲರೂ ಒಪ್ಪುವ ಪದ ಒಂದೇ: ಟರ್ಬೊ. ಹಾಗೆಂದರೇನು ಎಂದು ಕೇಳಿದರೆ ಮಾತ್ರ ಹತ್ತರಲ್ಲಿ ಏಳು ಮಂದಿ ‘ಸ್ಪೀಡು’ ಎಂದು ಹೇಳಿ ಸುಮ್ಮನಾಗುತ್ತಾರೆ.

ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಟರ್ಬೊ ಅರ್ಥವಾಗುವುದು ಕಷ್ಟವಲ್ಲ. ಕೆಂಡದ ಮೇಲೆ ಇನ್ನಷ್ಟು ಇದ್ದಿಲು ಸುರಿದ ಮಾತ್ರಕ್ಕೆ ಕಬ್ಬಿಣ ಕಾಯುವುದಿಲ್ಲ. ತಿದಿ ಒತ್ತಬೇಕು, ಗಾಳಿ ನುಗ್ಗಬೇಕು. ಎಂಜಿನ್ನಿನ ಪಾಡೂ ಅದೇ. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ ಅದರ ಹದಿನಾಲ್ಕು ಪಟ್ಟಿಗಿಂತ ತುಸು ಹೆಚ್ಚು ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಚಿಮುಕಿಸಬಹುದು. ಸಿಲಿಂಡರಿನೊಳಗೆ ಹಿಡಿಯುವ ಗಾಳಿಗೆ ಮಿತಿಯುಂಟು. ಹೆಚ್ಚು ಗಾಳಿ ಬೇಕೆಂದರೆ ದೊಡ್ಡ ಸಿಲಿಂಡರು ಮಾಡಬೇಕು, ಇಲ್ಲವೇ ಚಿಕ್ಕದರೊಳಗೇ ಗಾಳಿಯನ್ನು ಒತ್ತಿ ತುಂಬಬೇಕು. ಒತ್ತಲು ಶಕ್ತಿ ಎಲ್ಲಿಂದ? ಇಲ್ಲೇ ಜಾಣತನವಿರುವುದು. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಆ ಹೊಗೆಯ ದಾರಿಯಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ರೆಕ್ಕೆಚಕ್ರವೊಂದನ್ನು ಇಟ್ಟರೆ ಅದು ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತುತ್ತದೆ. ಕುಲುಮೆಯ ಹೊಗೆಯೇ ತಿದಿ ಒತ್ತಿದ ಹಾಗೆ! ಈ ಪುಟ್ಟ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಮನೆಯ ಮಿಕ್ಸಿ ಅದರ ಮುಂದೆ ಆಮೆ.

ಸೈಕಲ್ಲಿಗೆ ಪಂಪು ಹೊಡೆದವರಿಗೆ ಇನ್ನೊಂದು ಸಂಗತಿ ಗೊತ್ತು: ಒತ್ತಿದ ಗಾಳಿ ಬಿಸಿಯಾಗುತ್ತದೆ, ಪಂಪಿನ ಬುಡ ಸುಡುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಒತ್ತಿದ ಪ್ರಯೋಜನ ಅರ್ಧಂಬರ್ಧವಾಗುತ್ತದೆ. ಅದಕ್ಕೆಂದೇ ಎಂಜಿನ್ನಿಗೆ ಹೋಗುವ ಮುನ್ನ ಗಾಳಿಯನ್ನು ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ಹಾಯಿಸಿ ತಣಿಸುತ್ತಾರೆ.

ಇದರ ಮೂಲ ಕಲ್ಪನೆಗೆ ಆಲ್ಫ್ರೆಡ್ ಬ್ಯುಕಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅದಕ್ಕೆ ಬೆಲೆ ಬಂದದ್ದು ವಿಮಾನಗಳಿಂದ. ಮೇಲೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಏದುಸಿರು ಬಿಡುತ್ತಿತ್ತು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಲಾರಿಯಲ್ಲಿ ಹೇರಿಕೊಂಡು ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಶಿಖರಕ್ಕೆ ಒಯ್ದು, ಅಲ್ಲಿ ಟರ್ಬೊ ಜೋಡಿಸಿ, ಎತ್ತರದಲ್ಲಿ ಕಳೆದುಹೋದ ಶಕ್ತಿ ಮರಳಿ ಬರುವುದನ್ನು ತೋರಿಸಿದ. ಕಾರುಗಳಿಗೆ ಬಂದದ್ದು 1962ರಲ್ಲಿ, ಅಮೆರಿಕದ ಎರಡು ಮಾದರಿಗಳಲ್ಲಿ. ಇಂದಿನ ಸ್ಪೋರ್ಟ್ಸ್ ಸಲೂನುಗಳ ಅಜ್ಜನೆಂದರೆ 1973ರ ಬಿಎಂಡಬ್ಲ್ಯು 2002 ಟರ್ಬೊ. ಪಾಪ, ಅದು ಹುಟ್ಟಿದ ವರ್ಷವೇ ತೈಲ ಬಿಕ್ಕಟ್ಟು ಬಂತು.

ಪೈಕ್ಸ್ ಶಿಖರದ ಮಾತು ಹಾಸನದವರಿಗೆ ದೂರದ್ದೇನಲ್ಲ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಶಾಲೆಗಳ ಪ್ರಯೋಗಾಲಯದಲ್ಲಿ ನೀರು ಕುದಿಸಿ ಥರ್ಮಾಮೀಟರ್ ಇಟ್ಟರೆ ಪಾದರಸ 97ರ ಹತ್ತಿರವೇ ನಿಂತುಬಿಡುತ್ತದೆ. ಪುಸ್ತಕದಲ್ಲಿ ನೂರು ಎಂದಿದೆಯಲ್ಲ ಎಂದು ಮಕ್ಕಳು ಪ್ರತಿ ವರ್ಷವೂ ಕೇಳುತ್ತಾರೆ. ಗಾಳಿಯ ಒತ್ತಡ ಇಲ್ಲಿ ಮಂಗಳೂರಿಗಿಂತ ಶೇಕಡಾ ಹತ್ತರಷ್ಟು ಕಡಿಮೆ. ಸಾಂದ್ರತೆಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಅಂದರೆ ಟರ್ಬೊ ಇಲ್ಲದ ನೂರು ಅಶ್ವಶಕ್ತಿಯ ಕಾರು ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಹಾಸನ ಸೇರುವಷ್ಟರಲ್ಲಿ ಹತ್ತು ಕುದುರೆಗಳನ್ನು ದಾರಿಯಲ್ಲೇ ಬಿಟ್ಟುಬಂದಿರುತ್ತದೆ. ಟರ್ಬೊ ಇದ್ದರೆ ಚಕ್ರ ಸ್ವಲ್ಪ ಹೆಚ್ಚು ಜೋರಾಗಿ ತಿರುಗಿ ಆ ಕೊರತೆಯನ್ನು ತುಂಬಿಕೊಡುತ್ತದೆ. ‘ಕರಾವಳಿಯಲ್ಲಿ ಚೆನ್ನಾಗಿ ಓಡುವ ಕಾರು ಸಕಲೇಶಪುರದ ಮೇಲೆ ಯಾಕೋ ದಣಿಯುತ್ತದೆ’ ಎನ್ನುವ ಚಾಲಕರ ಮಾತು ಬರೀ ಭ್ರಮೆಯಲ್ಲ.

ಇನ್ನು ಮುಂದಿನ ಚಕ್ರಗಳ ವಿಚಾರ. ಆಕ್ಟೇವಿಯಾ ಆರ್‌ಎಸ್ ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು 6.4 ಸೆಕೆಂಡು ಸಾಕೆಂದು ಕಂಪನಿ ಹೇಳುತ್ತದೆ. ಹತ್ತನೇ ತರಗತಿಯ ವಿದ್ಯಾರ್ಥಿ ಇದನ್ನು ಕಾಗದದ ಮೇಲೆ ಪರೀಕ್ಷಿಸಬಹುದು. 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಕಾರಿನ ರಾಶಿ 1,500 ಕಿಲೊ ಎಂದಿಟ್ಟುಕೊಂಡರೆ ಚಲನಶಕ್ತಿ ಸುಮಾರು 5.8 ಲಕ್ಷ ಜೌಲ್. ಅದನ್ನು 6.4ರಿಂದ ಭಾಗಿಸಿದರೆ ಸರಾಸರಿ 90 ಕಿಲೊವ್ಯಾಟ್. ಆದರೆ 265 ಅಶ್ವಶಕ್ತಿ ಎಂದರೆ 195 ಕಿಲೊವ್ಯಾಟ್! ಅರ್ಧಕ್ಕಿಂತ ಹೆಚ್ಚು ಎಲ್ಲಿ ಹೋಯಿತು?

ಒಂದಷ್ಟು ಗಾಳಿಯ ತಡೆಗೆ, ಒಂದಷ್ಟು ಗೇರುಗಳ ಘರ್ಷಣೆಗೆ ಹೋಯಿತು. ದೊಡ್ಡ ಕಾರಣ ಮಾತ್ರ ಟೈರು. ಕಾರನ್ನು ಮುಂದಕ್ಕೆ ತಳ್ಳುವುದು ಎಂಜಿನ್ನಲ್ಲ, ಟೈರು ಮತ್ತು ಡಾಂಬರಿನ ನಡುವಿನ ಹಿಡಿತ. ರಭಸದಿಂದ ಹೊರಟಾಗ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರಗಳು ಹಗುರಾಗುತ್ತವೆ, ಹಿಡಿತ ಕಡಿಮೆಯಾಗುತ್ತದೆ. ಅದರ ಮೇಲೆ ಒತ್ತಿದರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಹಾಗಾಗಿ ಮೊದಲ ಕೆಲವು ಕ್ಷಣ ಯಂತ್ರವೇ ತನ್ನ ಶಕ್ತಿಯನ್ನು ಬಿಗಿಹಿಡಿಯುತ್ತದೆ. ಆಕ್ಷೇಪಣೆ ಎತ್ತಿದ ಮೂರನೆಯ ಗುಂಪು ಪೂರ್ತಿ ತಪ್ಪು ಹೇಳಿಲ್ಲ.

ಆದರೆ ಇದೇ ಲೆಕ್ಕವನ್ನು ತಿರುಗಿಸಿ ಯಾರೂ ಹಾಕುವುದಿಲ್ಲ. ಎಂಜಿನ್ 6.4 ಸೆಕೆಂಡಿನಲ್ಲಿ ತುಂಬಿದ ಆ 5.8 ಲಕ್ಷ ಜೌಲನ್ನು ಬ್ರೇಕು ಮೂರೂವರೆ ಸೆಕೆಂಡಿನಲ್ಲಿ ಖಾಲಿ ಮಾಡಬೇಕು. ಒಳ್ಳೆಯ ಟೈರು, ಒಣಗಿದ ರಸ್ತೆ ಇದ್ದಾಗ ಅದಕ್ಕೆ ಬೇಕಾದ ದೂರ ಸುಮಾರು 48 ಮೀಟರ್. ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಓಡಿಬಿಟ್ಟ 28 ಮೀಟರ್ ಸೇರಿದರೆ 76. ವೇಗ 50 ಇದ್ದಿದ್ದರೆ ಒಟ್ಟು 26 ಮೀಟರ್ ಸಾಕಿತ್ತು. ರಾತ್ರಿ ಹೆಡ್‌ಲೈಟಿನ ತಗ್ಗಿಸಿದ ಬೆಳಕು ರಸ್ತೆಯನ್ನು ಚೆನ್ನಾಗಿ ತೋರಿಸುವುದು ಐವತ್ತು ಮೀಟರಿನ ಆಸುಪಾಸು. ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ ಹೇರಿದ, ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರು ಎಷ್ಟು ದೂರದಲ್ಲಿ ಕಣ್ಣಿಗೆ ಬೀಳುತ್ತದೆಂಬುದು ಆ ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾಗುವುದೆಂದರೆ 39 ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮ. ಶ್ರವಣಬೆಳಗೊಳದ ಗೊಮ್ಮಟನ ಎತ್ತರ 58 ಅಡಿ. ಅಂಥ ಎರಡು ಮೂರ್ತಿ ಒಂದರ ಮೇಲೊಂದು ನಿಂತರೂ ಆ ಎತ್ತರ ಮುಟ್ಟುವುದಿಲ್ಲ.

ಈ ಹೊಸ ಕಾರಿನ ಸುದ್ದಿ ಬಂದಾಗ ಹಾಸನದ ಮನೆಗಳಲ್ಲಿ ಇನ್ನೊಂದು ನೆನಪು ಹಸಿಯಾಗಿತ್ತು. ಸೆಪ್ಟೆಂಬರ್ 12ರ ರಾತ್ರಿ, ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ಹೆದ್ದಾರಿಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯೊಳಕ್ಕೆ ಸರಕು ವಾಹನ ನುಗ್ಗಿ ಹಲವರು ಸತ್ತರು. ಸತ್ತವರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗರೂ ಇದ್ದರು. ಅದು ಸ್ಪೋರ್ಟ್ಸ್ ಕಾರಿನ ಕಥೆಯಲ್ಲ, ಪಂದ್ಯದ ಕಥೆಯೂ ಅಲ್ಲ. ಆದರೂ ಆ ತಿಂಗಳು ಮಗ ‘0-100’ ಎಂದು ಬಾಯಿಬಿಟ್ಟರೆ ತಾಯಂದಿರು ಊಟದ ತಟ್ಟೆ ಬಿಟ್ಟು ಎದ್ದುಹೋದದ್ದುಂಟು. ಹುಡುಗರಿಗೆ ಅದು ಅನ್ಯಾಯವೆನಿಸಿತು. ತಾಯಂದಿರಿಗೆ ಬೇರೆ ಅಂಕಿಗಳು ಕಾಣುತ್ತಿದ್ದವು.

ಅರವತ್ತು ಲಕ್ಷದ ಕಾರು ಯಾರ ಮನೆಗೂ ಬರುವುದಿಲ್ಲವಲ್ಲ, ಮತ್ತೆ ಚಿಂತೆ ಯಾಕೆ ಎನ್ನಬಹುದು. ಚಿಂತೆ ಇರುವುದು ಚಿಕ್ಕ ಟರ್ಬೊಗಳದ್ದು. ಕೊಯಮತ್ತೂರಿನ ಜಯೆಂ ಸಂಸ್ಥೆಯ ಜೊತೆ ಸೇರಿ ಟಾಟಾ 2018ರಲ್ಲಿ ಟಿಗೋರ್ ಜೆಟಿಪಿ ಎಂಬ ಕಾರು ತಂದಿತ್ತು. ಸಾಮಾನ್ಯ ಟಿಗೋರಿನ 1.2 ಲೀಟರ್ ಪೆಟ್ರೋಲ್ ಎಂಜಿನ್ನಿಗೆ 85 ಅಶ್ವಶಕ್ತಿ. ಅಷ್ಟೇ ಗಾತ್ರದ ಟರ್ಬೊ ಎಂಜಿನ್ನಿಗೆ 114. ಬೆಲೆ ಆರಂಭದಲ್ಲಿ 7.49 ಲಕ್ಷ. ಬಡವರ ಸ್ಪೋರ್ಟ್ಸ್ ಸಲೂನ್ ಎಂದು ಉತ್ಸಾಹಿಗಳು ಹೊಗಳಿದರು, ಆದರೆ ಕೊಂಡವರು ಕಡಿಮೆ; 2020ರಲ್ಲಿ ನಿಂತುಹೋಯಿತು. ಅಂಥದ್ದು ಇನ್ನೆರಡು ವರ್ಷ ಉಳಿಯಬೇಕಿತ್ತು. ಇಂದು ಒಂದು ಲೀಟರಿನ ಟರ್ಬೊ ಎಂಜಿನ್ನುಗಳು ಸಾಧಾರಣ ಮಧ್ಯಮ ವರ್ಗದ ಕಾರುಗಳಲ್ಲೇ ಬರುತ್ತವೆ. ಶುಂಠಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ಅರಕಲಗೂಡಿನ ಕಡೆಯ ಅಂಗಳಗಳಲ್ಲೂ ಅವು ನಿಲ್ಲುತ್ತವೆ.

ಅಲ್ಲಿಂದ ಮುಂದೆ ಶುರುವಾಗುವುದು ‘ರೀಮ್ಯಾಪ್’ ಎಂಬ ಹುಚ್ಚು. ಟರ್ಬೊ ಎಷ್ಟು ಒತ್ತಬೇಕು, ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂಬುದನ್ನೆಲ್ಲ ಎಂಜಿನ್ನಿನ ಕಂಪ್ಯೂಟರು ಒಂದು ಕೋಷ್ಟಕ ನೋಡಿ ತೀರ್ಮಾನಿಸುತ್ತದೆ. ಆ ಕೋಷ್ಟಕವನ್ನೇ ತಿದ್ದಿದರೆ ಅರ್ಧ ದಿನದಲ್ಲಿ ಇಪ್ಪತ್ತು ಮೂವತ್ತು ಕುದುರೆ ಹೆಚ್ಚುತ್ತವೆ. ತಂದೆಗೆ ಗೊತ್ತೂ ಆಗುವುದಿಲ್ಲ. ಬಾನೆಟ್ ಎತ್ತಿ ನೋಡಿದರೆ ಏನೂ ಬದಲಾಗಿರುವುದಿಲ್ಲ. ಆದರೆ ಒತ್ತಡ ಹೆಚ್ಚಿದಂತೆ ಪೆಟ್ರೋಲು ಕಿಡಿಯ ಜ್ವಾಲೆ ತನ್ನನ್ನು ಮುಟ್ಟುವವರೆಗೆ ಕಾಯದೆ ತಾನೇ ಸಿಡಿಯತೊಡಗುತ್ತದೆ. ನಾಕಿಂಗ್ ಎನ್ನುವುದು ಅದಕ್ಕೇ. ಪಿಸ್ಟನ್ನಿನ ತಲೆಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಕಂಪನಿ ಕೋಷ್ಟಕದಲ್ಲಿ ಬಿಟ್ಟಿದ್ದ ಅಂತರ ಕಳಪೆ ಪೆಟ್ರೋಲು, ಬೇಸಿಗೆ, ಘಾಟಿ ಎಲ್ಲವನ್ನೂ ತಾಳಲೆಂದು. ಅದನ್ನು ತಿಂದುಹಾಕಿದ ಮೇಲೆ ವಾರಂಟಿ ಕೇಳಲು ಹೋದರೆ ಕಂಪನಿಯವರು ಕೈ ಮುಗಿಯುತ್ತಾರೆ. ಇಷ್ಟಾಗಿಯೂ ಬ್ರೇಕು ಹಳೆಯದೇ, ಟೈರು ಹಳೆಯದೇ. ಟೈರಿಗೆ ಹಣ ಹಾಕದೆ ರೀಮ್ಯಾಪಿಗೆ ಹಾಕುವವನನ್ನು ಉತ್ಸಾಹಿ ಎಂದು ಕರೆಯುವುದೇ ತಪ್ಪು ಎನ್ನುವ ಗ್ಯಾರೇಜಿನವರು ಚನ್ನರಾಯಪಟ್ಟಣದಲ್ಲೂ ಇದ್ದಾರೆ. ನಿಜವಾಗಿ ವೇಗ ಬೇಕಾದವರು ಹೋಗಬೇಕಾದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ, ಇಲ್ಲವೇ ಚೆನ್ನೈ ಬಳಿಯ ಪಂದ್ಯದ ಹಾದಿಗೆ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ.

ಹುಡುಗರು ಕಲಿತ ಒಳ್ಳೆಯ ಅಭ್ಯಾಸವೊಂದನ್ನೂ ಹೇಳಬೇಕು. ಟರ್ಬೊದ ದಂಡ ತೇಲುವುದು ಎಂಜಿನ್ ಆಯಿಲಿನ ತೆಳುವಾದ ಪದರದ ಮೇಲೆ. ಜೋರಾಗಿ ಓಡಿಸಿ ಬಂದು ತಕ್ಷಣ ಎಂಜಿನ್ ಆರಿಸಿದರೆ ಆಯಿಲು ಹರಿಯುವುದು ನಿಲ್ಲುತ್ತದೆ, ಕೆಂಪಗೆ ಕಾದ ಭಾಗದ ಬಿಸಿಗೆ ಅಲ್ಲೇ ಸೀದು ಕರಿಕಟ್ಟುತ್ತದೆ. ಹೊಸ ಕಾರುಗಳಲ್ಲಿ ಇದಕ್ಕೆ ನೀರಿನ ತಂಪು ಇದ್ದರೂ, ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ಆರಿಸುವುದು ವಾಡಿಕೆ. ಅರಕಲಗೂಡಿನ ಅದೇ ಅಜ್ಜ, ಮೊಮ್ಮಗ ಅಂಗಳದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ ಸ್ಟಿಯರಿಂಗ್ ಹಿಡಿದು ಕೂತಿರುವುದನ್ನು ಜಗಲಿಯಿಂದ ನೋಡಿದರು. ಸ್ವಲ್ಪ ಹೊತ್ತು ತಡೆದರು. ಆಮೇಲೆ ಕೂಗಿದರು: ‘ಆರಿಸೋ ಮಾರಾಯ, ಪೆಟ್ರೋಲೇನು ಹೇಮಾವತಿ ನೀರಾ?’