ಕಿವಿ ಇದ್ರೆ ಸಾಕಾ?

ಉಕ್ತಲೇಖನದಲ್ಲಿ ನಾನು ಬರೆದ ವಾಕ್ಯವನ್ನು ನೀವು ಇನ್ನೂ ಮರೆತಿಲ್ಲ ಅಂತ ಗೊತ್ತು. ಮೇಷ್ಟ್ರು ಹೇಳಿದ್ದು "ಅಣ್ಣನಿಗೆ ಒಂದು ಪಾಲು, ತಮ್ಮನಿಗೆ ಒಂದು ಪಾಲು" ಅಂತ. ನಾನು ಬರೆದದ್ದು "ಅಣ್ಣನಿಗೆ ಒಂದು ಕಾಲು, ತಮ್ಮನಿಗೆ ಒಂದು ಕಾಲು". ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. "ಕಿವಿ ಎಲ್ಲಿಟ್ಟಿದ್ದೀಯೋ?" ಅಂತ ಬೈಸಿಕೊಂಡದ್ದೂ ಆಯ್ತು. ಆದರೆ ಆವತ್ತು ಕಿಟಕಿ ಆಚೆ ರಾಗಿ ಒಕ್ಕೋ ಮಿಷನ್ನು ಓಡ್ತಿತ್ತು. ಹಬ್ಬದ ಮೈಕು ಬೇರೆ ಶಾಲೆ ಕಡೆಗೇ ಮುಖ ಮಾಡಿ ಕೂಗ್ತಿತ್ತು. ಅದನ್ನ ಯಾರೂ ಹೇಳಲಿಲ್ಲ, ಅದಕ್ಕೇ ಇಲ್ಲಿ ಬರೀತಾ ಇದೀನಿ.

ಕಿವಿಗೆ ಆರಿಸೋಕೆ ಬರಲ್ಲ. ಮಿಷನ್ನು, ಮೈಕು, ಮೇಷ್ಟ್ರ ಮಾತು ಎಲ್ಲವೂ ಒಟ್ಟಿಗೇ ಒಳಗೆ ಹೋಗುತ್ತವೆ. ರಾಗಿ ಕೇರಿದ ಹಾಗೆ ಅದರಲ್ಲಿ ಮಾತನ್ನು ಬೇರೆ ಮಾಡೋದು ಮೆದುಳಿನ ಕೆಲಸ. 1953ರಲ್ಲಿ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿದರು. ಒಂದು ಕಿವಿಗೆ ಒಂದು ಮಾತು, ಇನ್ನೊಂದು ಕಿವಿಗೆ ಬೇರೆ ಮಾತು ಕೇಳಿಸಿ, ಒಂದನ್ನೇ ಗಮನಿಸಿ ಅಂದರು. ಇನ್ನೊಂದು ಕಿವಿಯ ಮಾತು ಇಂಗ್ಲಿಷಿನಿಂದ ಜರ್ಮನ್ ಭಾಷೆಗೆ ಬದಲಾದದ್ದೂ ಕೇಳುವವರಿಗೆ ಗೊತ್ತಾಗಲಿಲ್ಲವಂತೆ! ಮೆದುಳು ಅಷ್ಟು ಗಟ್ಟಿಯಾಗಿ ಒಂದನ್ನೇ ಹಿಡಿಯುತ್ತದೆ.

"ಹಂಗಾದ್ರೆ ಸಂತೇಲಿ ನಿಮ್ಮವ್ವ ಕೂಗಿದ್ರೆ ಕೇಳ್ಸುತ್ತೆ, ಕ್ಲಾಸಲ್ಲಿ ಯಾಕೆ ಕೇಳ್ಸಲ್ಲ?" ಅಂತ ದೊಡ್ಡವರು ಕೇಳಬಹುದು. ನಾನೂ ಅದನ್ನೇ ಯೋಚಿಸಿದೆ. ಅವ್ವನ ದನಿ ಹುಟ್ಟಿದಾಗಿಂದ ಗೊತ್ತು. ಸೊಪ್ಪು ಎಷ್ಟು ಅಂದ್ರೆ ಹತ್ತು, ಇಪ್ಪತ್ತು ಅಂತಾನೇ ಹೇಳ್ತಾರೆ. ಅರ್ಧ ಕೇಳಿದ್ರೂ ಉಳಿದರ್ಧ ಮೆದುಳೇ ತುಂಬಿಕೊಳ್ಳುತ್ತೆ. ಆದರೆ 'ದ್ಯುತಿಸಂಶ್ಲೇಷಣೆ' ಅಂತ ಮೊದಲನೇ ಸಲ ಕೇಳಿದಾಗ ಏನನ್ನ ತುಂಬಿಕೊಳ್ಳೋದು? ಮೇಷ್ಟ್ರಿಗೆ ಪಾಠ ಮೊದಲೇ ಬರುತ್ತೆ, ನಮಗೆ ಬರಲ್ಲ. ಅದೂ ಅಲ್ಲದೆ ಗಲಾಟೆಯಲ್ಲಿ ಮಾತು ಆರಿಸೋ ಶಕ್ತಿ ಹದಿಹರೆಯದವರೆಗೂ ಬೆಳೀತಾನೇ ಇರುತ್ತೆ. ಅದಕ್ಕೇ ದೊಡ್ಡವರಿಗೆ ಕೇಳಿಸೋ ಅಷ್ಟು ಗಲಾಟೇಲಿ ಮಕ್ಕಳಿಗೆ ಸರಿಯಾಗಿ ಕೇಳಿಸಲ್ಲ.

ಇನ್ನು ನನ್ನ 'ಕಾಲಿನ' ವಿಷಯ. ಸ್ವರ ಜೋರು, ವ್ಯಂಜನ ಮೆತ್ತಗೆ. ಪಾಲು, ಕಾಲು ಎರಡರಲ್ಲೂ 'ಆ' ಚೆನ್ನಾಗಿ ಕೇಳುತ್ತೆ. ಮುಂದಿರೋ ಪ್, ಕ್ ಮಾತ್ರ ರೆಪ್ಪೆ ಬಡಿಯೋದ್ರೊಳಗೆ ಮುಗಿದು ಹೋಗುತ್ತೆ. ಗಲಾಟೆ ಅದನ್ನೇ ಮೊದಲು ನುಂಗೋದು. ಬೇಕಾದ್ರೆ ಕನ್ನಡಿ ಮುಂದೆ ಹೇಳಿ ನೋಡಿ, ಪ್ ಅನ್ನೋವಾಗ ತುಟಿ ಮುಚ್ಚುತ್ತೆ, ಕ್ ಅನ್ನೋವಾಗ ಮುಚ್ಚಲ್ಲ. ಅಂದರೆ ಮುಖ ಕಂಡಿದ್ದರೆ ನಾನು ತಪ್ಪು ಬರೀತಿರಲಿಲ್ಲ. ಆದರೆ ಆವತ್ತು ಮೇಷ್ಟ್ರು ನಮ್ಮ ಬೆನ್ನ ಹಿಂದೆ ಓಡಾಡ್ತಾ ಹೇಳ್ತಿದ್ರು.

ನಂದು ಬಿಡಿ, ನಗು ತರೋ ತಪ್ಪು. ಕೊನೇ ಬೆಂಚಿನ ನಮ್ಮ ಗೆಳೆಯನಿಗೆ ಚಿಕ್ಕಂದಿನಿಂದ ಕಿವಿ ಸೋರುತ್ತೆ. ಎರಡು ವರ್ಷ ಅವನನ್ನ ದಡ್ಡ ಅಂದ್ಕೊಂಡಿದ್ವಿ, ನಾನೂ ಅಂದಿದ್ದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿಗೆ ಕರೆದುಕೊಂಡು ಹೋದಾಗ ಒಂದು ಕಿವಿ ಮಂದ ಅಂತ ತಿಳೀತು. ಶಬ್ದ ಯಾವ ಕಡೆಯಿಂದ ಬಂತು ಅಂತ ಮೆದುಳು ಎರಡು ಕಿವಿಯನ್ನೂ ಹೋಲಿಸಿ ಕಂಡುಹಿಡಿಯುತ್ತೆ. ಒಂದೇ ಕಿವಿ ಇದ್ದರೆ ಮಾತನ್ನೂ ಗಲಾಟೆಯನ್ನೂ ಬಿಡಿಸೋದು ಬಲು ಕಷ್ಟ. ಈಗಲೂ ಅವನು ಕೊನೇ ಬೆಂಚಲ್ಲೇ ಇದ್ದಾನೆ, ಉದ್ದ ಇದ್ದಾನೆ ಅಂತ.

ರಾಗಿ ಮಿಷನ್ ನಿಲ್ಲಿಸಿ ಅಂತ ನಾನು ಹೇಳಲ್ಲ. ಮೋಡ ಕಟ್ಟಿದ್ರೆ ಒಕ್ಕಲೇಬೇಕು, ನಮ್ಮನೇದೂ ಅಲ್ಲೇ ಒಕ್ಕಿದ್ದು. ಮೈಕಿನ ಮಾತು ಬೇರೆ. ಶಾಲೆಯ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯ ಅಂತ ಸರ್ಕಾರ ಘೋಷಿಸಬಹುದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿದೆ. ಅಷ್ಟು ದೂರ ಯಾಕೆ, ಶಾಲೆ ಬಿಡೋವರೆಗೆ ಹೊಣಕೆರೆಯ ಹಿರಿಯರು ಮೈಕಿನ ಬಾಯಿ ಆ ಕಡೆ ತಿರುಗಿಸಿದ್ರೂ ಸಾಕು.

ಮೇಷ್ಟ್ರುಗಳಲ್ಲಿ ಎರಡೇ ಕೋರಿಕೆ, ತಪ್ಪಿದ್ದರೆ ಕ್ಷಮಿಸಿ. ಗಲಾಟೆ ಇದ್ದಾಗ ಹೊಸ ಪದವನ್ನ ಮೊದಲು ಬೋರ್ಡ್ ಮೇಲೆ ಬರೆದು, ಆಮೇಲೆ ನಮ್ಮ ಕಡೆ ತಿರುಗಿ ಹೇಳಿ. ಗೆಳೆಯನನ್ನ ಮುಂದಿನ ಬೆಂಚಿಗೆ, ಒಳ್ಳೇ ಕಿವಿ ನಿಮ್ಮ ಕಡೆ ಇರೋ ಹಾಗೆ ಕೂರಿಸಿ. ನನ್ನ ಜಾಗ ಅವನಿಗೆ ಕೊಡೋಕೆ ನಾನು ತಯಾರು. ಉಕ್ತಲೇಖನ ಬೇಕಾದ್ರೆ ಇನ್ನೊಂದು ಸಲ ಕೊಡಿ, ಮಿಷನ್ ನಿಂತ ಮೇಲೆ.